ಪಿಎಲ್‌ಸಿಯಿಂದ ಪಿಸಿಗೆ ಬಂದ ಅಂಕಿಯ ವಯಸ್ಸೆಷ್ಟು?

ಒಣಗಿಸುವ ಕೋಣೆಯೊಂದರ ರಾತ್ರಿಪಾಳಿಯ ತಾಪಮಾನ ದಾಖಲೆಯನ್ನು ಒಮ್ಮೆ ಪರಿಶೀಲಿಸುತ್ತಿದ್ದಾಗ ಗ್ರಾಫಿನಲ್ಲಿ ನೇರವಾದ ಗೆರೆಯೊಂದು ಕಣ್ಣಿಗೆ ಬಿತ್ತು. ರಾತ್ರಿ 10 ಗಂಟೆ 10 ನಿಮಿಷದವರೆಗೆ 72.2, 72.5, 72.3 ಎಂದು ಕೊನೆಯ ಅಂಕಿಯಲ್ಲಿ ಸಣ್ಣಗೆ ನಡುಗುತ್ತಿದ್ದ ತಾಪಮಾನ, ಆಮೇಲೆ 72.4ಕ್ಕೆ ಬಂದು ನಿಂತದ್ದು ಬೆಳಿಗ್ಗೆ 6 ಗಂಟೆ 40 ನಿಮಿಷದವರೆಗೂ ಕದಲಿರಲಿಲ್ಲ. ನಿಯಂತ್ರಣ ಎಷ್ಟು ಸ್ಥಿರವಾಗಿದೆ ಎಂದು ಜೊತೆಯಲ್ಲಿದ್ದವರು ಸಂತೋಷಪಟ್ಟರು. ನನಗೆ ಮಾತ್ರ ಎದೆ ಧಸಕ್ಕೆಂದಿತು. ತಾಪಮಾನ ಅಳೆಯುವ ಥರ್ಮೋಕಪಲ್ ಎಂಬುದು ಎಂಟೂವರೆ ಗಂಟೆಗಳ ಕಾಲ ಒಂದೇ ಅಂಕಿಯ ಮೇಲೆ ನಿಲ್ಲುವ ವಸ್ತುವಲ್ಲ. ಕಡತವನ್ನು ತೆರೆದು ನೋಡಿದರೆ ಸೆಕೆಂಡಿಗೊಂದರಂತೆ 30,600 ಸಾಲುಗಳಿದ್ದವು. ಪ್ರತಿ ಸಾಲಿನಲ್ಲೂ ಸಮಯ ಒಂದೊಂದು ಸೆಕೆಂಡು ಮುಂದೆ ಹೋಗಿತ್ತು, ಅಂಕಿ ಮಾತ್ರ ಇದ್ದಲ್ಲೇ ಇತ್ತು.

ನಡೆದದ್ದು ಇಷ್ಟೇ. ಯಂತ್ರಗಳನ್ನು ನಡೆಸುವ ಪುಟ್ಟ ಕೈಗಾರಿಕಾ ಕಂಪ್ಯೂಟರ್ ಆದ ಪಿಎಲ್‌ಸಿಗೂ ದಾಖಲಿಸುವ ಪಿಸಿಗೂ ನಡುವೆ ಸಂಕೇತಗಳನ್ನು ಬದಲಿಸಿಕೊಡುತ್ತಿದ್ದ ಸೀರಿಯಲ್ ಕನ್ವರ್ಟರ್‌ಗೆ ವಿದ್ಯುತ್ ನಿಂತುಹೋಗಿತ್ತು. ಪಿಸಿಯಲ್ಲಿ ಅಂಕಿಯನ್ನು ಓದುವ ಡ್ರೈವರ್ ಎಂಬ ತಂತ್ರಾಂಶಕ್ಕೆ ಉತ್ತರ ಬರುವುದು ನಿಂತಾಗ ಅದು ತನ್ನ ಬಳಿ ಕೊನೆಗೆ ಉಳಿದಿದ್ದ ಅಂಕಿಯನ್ನೇ ಹಿಡಿದುಕೊಂಡಿತು, ದಾಖಲಿಸುವ ಭಾಗ ಆ ಅಂಕಿಯನ್ನೇ ಸೆಕೆಂಡಿಗೊಮ್ಮೆ ತೆಗೆದುಕೊಂಡು, ಪಿಸಿಯ ಗಡಿಯಾರದ ಸಮಯವನ್ನು ಪಕ್ಕದಲ್ಲಿ ಬರೆದು, ನಿಷ್ಠೆಯಿಂದ ಕಡತಕ್ಕೆ ಸೇರಿಸುತ್ತಾ ಹೋಯಿತು. ಪಿಎಲ್‌ಸಿ ಇಡೀ ರಾತ್ರಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು, ಒಣಗಿದ ಸರಕೂ ಬಹುಶಃ ಚೆನ್ನಾಗಿಯೇ ಇತ್ತು. ಆದರೆ ಹಾಗೆಂದು ಹೇಳಲು ನಮ್ಮ ಕೈಯಲ್ಲಿ ಪುರಾವೆ ಇರಲಿಲ್ಲವಾದ್ದರಿಂದ ಆ ರಾತ್ರಿಯ ಸರಕನ್ನೆಲ್ಲ ಬದಿಗಿಡಬೇಕಾಯಿತು. ಆ ಸಂಪರ್ಕವನ್ನು ಹೊಂದಿಸಿದವನು ನಾನೇ. ಹೊಂದಿಸಿದ ದಿನ ಪರದೆಯ ಮೇಲೆ ಅಂಕಿ ಮೂಡಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಪರದೆಯ ಮೇಲೆ ಕಾಣುವ 72.4 ಎಂಬುದು ತಾಪಮಾನವಲ್ಲ, ತಾಪಮಾನದ ಬಗ್ಗೆ ಯಾರೋ ಯಾವಾಗಲೋ ಕೊಟ್ಟ ಹೇಳಿಕೆ ಎಂಬುದನ್ನು ಆ ಕಡತ ನನಗೆ ಕಲಿಸಿತು. ಯಾವಾಗ ಅಳೆದದ್ದು, ಅಳೆದ ಕ್ಷಣದಲ್ಲಿ ಸೆನ್ಸರ್ ಸರಿಯಿತ್ತೇ, ಎರಡು ಯಂತ್ರಗಳು ಆ ಅಂಕಿಗೆ ಒಂದೇ ಅರ್ಥವನ್ನು ಕೊಡುತ್ತಿವೆಯೇ ಎಂಬ ಮೂರು ಸಂಗತಿಗಳು ಅಂಕಿಯ ಜೊತೆಗೇ ಪ್ರಯಾಣ ಮಾಡದಿದ್ದರೆ, ದತ್ತಾಂಶ ಸಂಗ್ರಹದ ತಂತ್ರಾಂಶ ಎಷ್ಟೇ ದುಬಾರಿಯದಾಗಿದ್ದರೂ ಅದು ಕೂಡಿಡುವುದು ಬರಿಯ ಸಂಖ್ಯೆಗಳನ್ನು ಮಾತ್ರ. ಅಂದಿನಿಂದ ಇಂದಿನವರೆಗೆ ಈ ಕೆಲಸದಲ್ಲಿ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಎರಡೂ ಕಡೆಯ ಸ್ವಭಾವವೇ ಬೇರೆ ಬೇರೆ. ಪಿಎಲ್‌ಸಿ ಒಂದು ಸುತ್ತಿನಲ್ಲಿ ಬದುಕುತ್ತದೆ: ಇನ್‌ಪುಟ್‌ಗಳನ್ನು ಓದುತ್ತದೆ, ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ನಡೆಸುತ್ತದೆ, ಔಟ್‌ಪುಟ್‌ಗಳನ್ನು ಬದಲಿಸುತ್ತದೆ, ಮತ್ತೆ ಮೊದಲಿಗೆ ಬರುತ್ತದೆ. ಸ್ಕ್ಯಾನ್ ಎಂದು ಕರೆಯುವ ಈ ಸುತ್ತಿಗೆ ಕೆಲವು ಮಿಲಿಸೆಕೆಂಡುಗಳಿಂದ ಹಲವು ಹತ್ತು ಮಿಲಿಸೆಕೆಂಡುಗಳು ಹಿಡಿಯುತ್ತವೆ. ಹೊರಗಿನವರ ಪ್ರಶ್ನೆಗೆ ಉತ್ತರ ಕೊಡುವುದು ಅದಕ್ಕೆ ಎರಡನೆಯ ದರ್ಜೆಯ ಕೆಲಸ. ಯಂತ್ರವನ್ನು ನಡೆಸುವುದೇ ಮೊದಲನೆಯದು, ಹಾಗಿರುವುದೇ ನ್ಯಾಯ. ಪಿಸಿಯಾದರೋ ಏಕಕಾಲಕ್ಕೆ ನೂರು ಕೆಲಸಗಳನ್ನು ಹಂಚಿಕೊಂಡು ಮಾಡುವ ಯಂತ್ರ. ಸೆಕೆಂಡಿಗೊಮ್ಮೆ ಓದು ಎಂದು ನಾವು ಹೇಳಿದರೆ ಸಾಮಾನ್ಯವಾಗಿ ಓದುತ್ತದೆ, ಆದರೆ ಅಪ್‌ಡೇಟ್ ಇಳಿಯುವಾಗಲೋ ವೈರಸ್ ತಪಾಸಣೆ ನಡೆಯುವಾಗಲೋ ಆ ಒಂದು ಸೆಕೆಂಡು ಎಷ್ಟು ಹಿಗ್ಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಆದ್ದರಿಂದಲೇ ಪಿಸಿಯ ಗಡಿಯಾರದಲ್ಲಿ ಬರೆದ ಸಮಯವನ್ನು ಅಳತೆಯ ಸಮಯ ಎಂದು ಓದುವುದು ತಪ್ಪು. ಅದು ಅಂಕಿ ಕಡತವನ್ನು ಸೇರಿದ ಸಮಯ.

ಈ ಅಂತರ ಎಷ್ಟಿರಬಹುದು ಎಂಬುದನ್ನು ಊಹಿಸುವ ಬದಲು ಲೆಕ್ಕ ಹಾಕಿ ನೋಡಬಹುದು, ಅದಕ್ಕೆ ಮಾಡ್‌ಬಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಾಡಿಕಾನ್ ಕಂಪನಿ 1979ರಲ್ಲಿ ತನ್ನ ಪಿಎಲ್‌ಸಿಗಳಿಗಾಗಿ ರೂಪಿಸಿದ ಈ ಭಾಷೆ ಇಂದಿಗೂ ವಿದ್ಯುತ್ ಮೀಟರ್, ಮೋಟರ್‌ನ ವೇಗ ನಿಯಂತ್ರಿಸುವ ಡ್ರೈವ್, ತಾಪಮಾನ ನಿಯಂತ್ರಕ ಎನ್ನದೆ ಎಲ್ಲೆಲ್ಲೂ ಇದೆ. ಅದರ ವಿವರಗಳು ಎಲ್ಲರಿಗೂ ತೆರೆದಿರುವುದು ಮತ್ತು ಇಡೀ ಭಾಷೆಯನ್ನು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದಾಗಿರುವುದು ಇದಕ್ಕೆ ಕಾರಣ ಎಂದು ನಾನು ನಂಬಿದ್ದೇನೆ. ಪಿಸಿ ಎರಡು ರಿಜಿಸ್ಟರ್‌ಗಳನ್ನು, ಎಂದರೆ 16 ಬಿಟ್‌ಗಳ ಎರಡು ನೆನಪಿನ ಮನೆಗಳನ್ನು, ಕೇಳುವಾಗ ತಂತಿಯ ಮೇಲೆ ಹೋಗುವುದು ಎಂಟೇ ಎಂಟು ಬೈಟ್‌ಗಳು: 1, 3, 0, 0, 0, 2, 196, 11. ಮೊದಲ 1 ಎಂದರೆ ಒಂದನೆಯ ಸಾಧನಕ್ಕೆ ಹೇಳುತ್ತಿರುವ ಮಾತು ಎಂದು, 3 ಎಂದರೆ ಹೋಲ್ಡಿಂಗ್ ರಿಜಿಸ್ಟರ್‌ಗಳನ್ನು ಓದು ಎಂಬ ಆಜ್ಞೆ, ಆಮೇಲಿನ ಎರಡು ಸೊನ್ನೆಗಳು ಎಲ್ಲಿಂದ ಶುರುಮಾಡಬೇಕು ಎಂಬ ವಿಳಾಸ, 0 ಮತ್ತು 2 ಸೇರಿ ಎಷ್ಟು ಬೇಕು ಎಂಬ ಸಂಖ್ಯೆ, ಕೊನೆಯ 196 ಮತ್ತು 11 ಇಷ್ಟು ಬೈಟ್‌ಗಳು ದಾರಿಯಲ್ಲಿ ಕೆಟ್ಟಿಲ್ಲ ಎಂದು ತಾಳೆ ನೋಡಲು ಇರುವ ಸಿಆರ್‌ಸಿ. ಆ ಕಡೆಯ ರಿಜಿಸ್ಟರ್‌ಗಳಲ್ಲಿ 25.0 ಎಂಬ ಬೆಲೆ ಇದ್ದರೆ 1, 3, 4, 65, 200, 0, 0 ಎಂಬ ಏಳು ಬೈಟ್‌ಗಳು, ಅವುಗಳ ಹಿಂದೆ ಎರಡು ಸಿಆರ್‌ಸಿ ಬೈಟ್‌ಗಳು ಸೇರಿ ಒಂಬತ್ತು ಬೈಟ್‌ಗಳ ಉತ್ತರ ಬರುತ್ತದೆ.

ಈಗ ಸಮಯದ ಲೆಕ್ಕ. ಬಿಟ್‌ಗಳು ಒಂದರ ಹಿಂದೊಂದು ಹೋಗುವ ಸೀರಿಯಲ್ ತಂತಿಯ ಮೇಲೆ ಮಾಡ್‌ಬಸ್‌ನ ಆರ್‌ಟಿಯು ರೂಪದ ಒಂದು ಬೈಟ್ ಹೋಗಲು ಸ್ಟಾರ್ಟ್, ಪ್ಯಾರಿಟಿ, ಸ್ಟಾಪ್ ಸೇರಿ 11 ಬಿಟ್‌ಗಳು ಬೇಕು. 9600 ಬಾಡ್‌ನಲ್ಲಿ, ಎಂದರೆ ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ, ಅದಕ್ಕೆ ಸುಮಾರು 1.15 ಮಿಲಿಸೆಕೆಂಡು ಹಿಡಿಯುತ್ತದೆ. ಪ್ರಶ್ನೆಗೆ 9.2, ಉತ್ತರಕ್ಕೆ 10.3 ಮಿಲಿಸೆಕೆಂಡು ಆಯಿತು. ಒಂದು ಸಂದೇಶ ಮುಗಿಯಿತು ಎಂದು ತಿಳಿಯಲು ಮೂರೂವರೆ ಅಕ್ಷರದಷ್ಟು ಮೌನ ಇರಬೇಕೆಂಬುದು ನಿಯಮ, ಅದು ಸುಮಾರು 4 ಮಿಲಿಸೆಕೆಂಡು, ಎರಡು ಸಲಕ್ಕೆ 8. ಸಾಧನ ಯೋಚಿಸಿ ಉತ್ತರ ಕೊಡಲು 20 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಂಡರೆ ಒಂದು ಬೆಲೆಗೆ 47.5 ಮಿಲಿಸೆಕೆಂಡು. ಐವತ್ತು ಬೆಲೆಗಳನ್ನು ಹೀಗೆ ಒಂದೊಂದಾಗಿ ಕೇಳಿದರೆ ಸುಮಾರು 2.4 ಸೆಕೆಂಡು ಕಳೆಯುತ್ತದೆ, ಎಂದರೆ ಮೊದಲನೆಯ ಬೆಲೆಗೂ ಐವತ್ತನೆಯ ಬೆಲೆಗೂ ನಡುವೆ ಎರಡು ಸೆಕೆಂಡಿಗೂ ಹೆಚ್ಚಿನ ಅಂತರವಿರುತ್ತದೆ, ಕಡತದಲ್ಲಿ ಮಾತ್ರ ಅವೆಲ್ಲ ಒಂದೇ ಸಾಲಿನಲ್ಲಿ ಒಂದೇ ಸಮಯದ ಪಕ್ಕದಲ್ಲಿ ಕುಳಿತಿರುತ್ತವೆ. ಅದೇ ಐವತ್ತು ಬೆಲೆಗಳನ್ನು ಪಿಎಲ್‌ಸಿಯಲ್ಲಿ ಒಂದರ ಪಕ್ಕ ಒಂದರಂತೆ ನೂರು ರಿಜಿಸ್ಟರ್‌ಗಳಲ್ಲಿ ಜೋಡಿಸಿಟ್ಟು ಒಂದೇ ಸಲಕ್ಕೆ ಕೇಳಿದರೆ 205 ಬೈಟ್‌ಗಳ ಉತ್ತರ ಬರುತ್ತದೆ, ಒಟ್ಟು ಸಮಯ 0.27 ಸೆಕೆಂಡಿನ ಆಸುಪಾಸು. ತಂತಿಯೂ ಅದೇ, ವೇಗವೂ ಅದೇ. ಬೆಲೆಗಳನ್ನು ಸಾಲಾಗಿ ಇಟ್ಟದ್ದಕ್ಕೇ ಒಂಬತ್ತು ಪಟ್ಟು ಲಾಭ. ಒಂದು ಪ್ರಶ್ನೆಗೆ ಹೆಚ್ಚೆಂದರೆ 125 ರಿಜಿಸ್ಟರ್‌ಗಳು ಎಂಬ ಮಿತಿಯನ್ನು ನೆನಪಿಟ್ಟುಕೊಂಡು, ಪಿಎಲ್‌ಸಿ ಪ್ರೋಗ್ರಾಮ್ ಬರೆಯುವವರ ಜೊತೆ ಮೊದಲ ದಿನವೇ ಕುಳಿತು ಈ ಜೋಡಣೆಯನ್ನು ಮಾಡಿಸಿಕೊಳ್ಳುವುದು ಆಮೇಲಿನ ಯಾವ ಜಾಣತನಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದು.

ಸಾಧನವೊಂದು ಸತ್ತುಹೋದಾಗ ಏನಾಗುತ್ತದೆ ಎಂಬುದನ್ನೂ ಇದೇ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಉತ್ತರಕ್ಕಾಗಿ ಕಾಯುವ ಟೈಮ್‌ಔಟ್ 1 ಸೆಕೆಂಡು, ಮರುಪ್ರಯತ್ನ 3 ಎಂದು ಇಟ್ಟಿದ್ದರೆ, ಉತ್ತರ ಕೊಡದ ಒಂದೇ ಒಂದು ಮೀಟರ್ ಪ್ರತಿ ಸುತ್ತಿನಲ್ಲೂ 4 ಸೆಕೆಂಡುಗಳನ್ನು ನುಂಗುತ್ತದೆ, ಅದೇ ತಂತಿಯಲ್ಲಿರುವ ಚೆನ್ನಾಗಿರುವ ಸಾಧನಗಳೆಲ್ಲ ಅದಕ್ಕಾಗಿ ಕಾಯುತ್ತಾ ನಿಲ್ಲುತ್ತವೆ. ಮೂರು ಸುತ್ತು ಉತ್ತರ ಬರದ ಸಾಧನವನ್ನು ಸಾಲಿನಿಂದ ಹೊರಗಿಟ್ಟು ನಿಮಿಷಕ್ಕೊಮ್ಮೆ ಮಾತ್ರ ವಿಚಾರಿಸುವಂತೆ ಮಾಡುವುದು ಒಳ್ಳೆಯದು. ಇನ್ನು ಯುಎಸ್‌ಬಿ ಕನ್ವರ್ಟರ್ ಬಳಸುವವರು ಅದರ ಡ್ರೈವರ್‌ನ ಲೇಟೆನ್ಸಿ ಟೈಮರ್ ಕಡೆ ಒಮ್ಮೆ ನೋಡಬೇಕು. ಎಫ್‌ಟಿಡಿಐ ಕಂಪನಿಯ ಚಿಪ್‌ಗಳ ಡ್ರೈವರ್‌ನಲ್ಲಿ ಅದು ಮೊದಲಿಗೇ 16 ಮಿಲಿಸೆಕೆಂಡು ಎಂದಿರುತ್ತದೆ. ಸಣ್ಣ ಉತ್ತರಗಳು ಬಂದು ತಲುಪಿದ ಮೇಲೂ ಅಷ್ಟು ಹೊತ್ತು ಅಲ್ಲೇ ಕಾಯುತ್ತವೆ, ಅದನ್ನು 1ಕ್ಕೆ ಇಳಿಸಿದರೆ ತಂತ್ರಾಂಶದಲ್ಲಿ ಒಂದು ಸಾಲನ್ನೂ ಮುಟ್ಟದೆ ಓದುವ ವೇಗ ಹೆಚ್ಚುತ್ತದೆ.

ಇಷ್ಟೆಲ್ಲ ಮಾಡಿದರೂ ಸೆಕೆಂಡಿಗೊಮ್ಮೆ ಓದುವ ಪಿಸಿಗೆ 50 ಮಿಲಿಸೆಕೆಂಡು ಮಾತ್ರ ಇದ್ದು ಹೋದ ಒಂದು ಪಲ್ಸ್ ಕಾಣುವುದಿಲ್ಲ. ಹತ್ತೊಂಬತ್ತು ಸಲ ತಪ್ಪಿ ಒಂದು ಸಲ ಕಂಡರೆ ಅದೂ ಅದೃಷ್ಟವೇ. ಇಂಥದ್ದನ್ನು ಪಿಸಿಯ ಓದುವ ವೇಗವನ್ನು ಹೆಚ್ಚಿಸಿ ಹಿಡಿಯಲು ಹೊರಡಬಾರದು. ಪಿಎಲ್‌ಸಿಯಲ್ಲಿ ಅದನ್ನು ಎಣಿಸುವ ಕೌಂಟರ್ ಒಂದನ್ನು ಇಟ್ಟು, ಪಿಸಿ ಆ ಎಣಿಕೆಯನ್ನು ಓದಿದರೆ, ಎರಡು ಓದುಗಳ ನಡುವೆ ಎಷ್ಟು ಸಲ ಘಟನೆ ನಡೆಯಿತು ಎಂಬುದು ತಪ್ಪದೆ ಸಿಗುತ್ತದೆ.

ಇನ್ನು ಅರ್ಥದ ಮಾತು. ಮೇಲೆ ಹೇಳಿದ 25.0 ಎರಡು ರಿಜಿಸ್ಟರ್‌ಗಳಲ್ಲಿ 16840 ಮತ್ತು 0 ಎಂದು ಕುಳಿತಿರುತ್ತದೆ. ದಶಮಾಂಶ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಬರೆಯುವ ಐಇಇಇ 754 ಎಂಬ ಮಾನಕವೇನೋ ಎಲ್ಲರಿಗೂ ಒಂದೇ, ಆದರೆ ಆ 32 ಬಿಟ್‌ಗಳನ್ನು ಎರಡು ರಿಜಿಸ್ಟರ್‌ಗಳಿಗೆ ಹಂಚುವಾಗ ಯಾವ ಅರ್ಧ ಮೊದಲು ಬರಬೇಕೆಂದು ಮಾಡ್‌ಬಸ್ ಎಲ್ಲೂ ಕಟ್ಟುಮಾಡಿಲ್ಲ. ಒಬ್ಬ ತಯಾರಕರು ಮೇಲಿನ ಅರ್ಧವನ್ನು ಮೊದಲಿಟ್ಟರೆ ಮತ್ತೊಬ್ಬರು ಕೆಳಗಿನದನ್ನು ಮೊದಲಿಡುತ್ತಾರೆ. ಅರ್ಧಗಳು ಅದಲುಬದಲಾದರೆ 25.0 ಎಂಬುದು ದಶಮಾಂಶ ಚುಕ್ಕೆಯ ನಂತರ ನಲವತ್ತು ಸೊನ್ನೆಗಳಿರುವ ಅತಿ ಸಣ್ಣ ಸಂಖ್ಯೆಯಾಗಿ ಪರದೆಯ ಮೇಲೆ 0.00 ಎಂದು ಕಾಣುತ್ತದೆ. ರಿಜಿಸ್ಟರ್‌ನ ಒಳಗಿನ ಬೈಟ್‌ಗಳು ಅದಲುಬದಲಾದರೆ -197632 ಎಂದು ಕಾಣುತ್ತದೆ. ಎರಡನೆಯದು ಕೂಗಿ ಹೇಳುವ ತಪ್ಪು, ಯಾರಾದರೂ ಹಿಡಿಯುತ್ತಾರೆ. ಮೊದಲನೆಯದು ಮೌನವಾದ ತಪ್ಪು. ಯಂತ್ರ ನಿಂತಿರಬೇಕು, ಅದಕ್ಕೇ ಸೊನ್ನೆ ಎಂದು ವಾರಗಟ್ಟಲೆ ಸುಮ್ಮನಿದ್ದವರನ್ನು ನಾನು ಕಂಡಿದ್ದೇನೆ.

ವಿಳಾಸದಲ್ಲಿಯೂ ಇಂಥದ್ದೇ ಒಂದು ಹಳ್ಳ ಇದೆ. ಕೈಪಿಡಿಯಲ್ಲಿ 40108 ಎಂದು ಬರೆದಿರುವ ರಿಜಿಸ್ಟರ್‌ನ ವಿಳಾಸ ತಂತಿಯ ಮೇಲೆ ಹೋಗುವಾಗ 107 ಆಗುತ್ತದೆ, ಏಕೆಂದರೆ ಮೊದಲ 4 ರಿಜಿಸ್ಟರ್‌ನ ಜಾತಿಯನ್ನು ಹೇಳುವ ಗುರುತು, ಮತ್ತು ಕೈಪಿಡಿಯ ಎಣಿಕೆ ಒಂದರಿಂದ, ತಂತಿಯ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಕೆಲವು ತಂತ್ರಾಂಶಗಳು ಈ ಕಳೆಯುವಿಕೆಯನ್ನು ತಾವೇ ಮಾಡುತ್ತವೆ, ಕೆಲವು ನಮಗೇ ಬಿಡುತ್ತವೆ. ಒಂದು ಮನೆ ತಪ್ಪಿದರೆ ಸಿಗುವುದು ಪಕ್ಕದ ಮನೆಯ ಅಂಕಿ. ಅದೂ ಒಂದು ತಾಪಮಾನವೇ ಆಗಿದ್ದರೆ, ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಹಾಗಾಗಿ ಯಾವ ಕೆಲಸಕ್ಕೆ ಹೋದರೂ ಪಿಎಲ್‌ಸಿಯ ದತ್ತಾಂಶ ಪ್ರದೇಶದ ಮೊದಲ ಮೂರು ರಿಜಿಸ್ಟರ್‌ಗಳಲ್ಲಿ ಎಂದಿಗೂ ಬದಲಾಗದ 12345 ಮತ್ತು 25.0 ಎಂಬ ಎರಡು ಬೆಲೆಗಳನ್ನು ಬರೆದಿಡಲು ಕೇಳಿಕೊಳ್ಳುತ್ತೇನೆ. ಪಿಸಿಯಲ್ಲಿ 12345 ಸರಿಯಾಗಿ ಕಂಡರೆ ವಿಳಾಸ ಸರಿ, 14640 ಎಂದು ಕಂಡರೆ ಬೈಟ್‌ಗಳು ತಿರುಗಿವೆ, 25.0 ಕಂಡರೆ ಅರ್ಧಗಳ ಕ್ರಮವೂ ಸರಿ. ಈ ಎರಡು ಅಂಕಿಗಳು ಅಲ್ಲಿ ಕಾಯಂ ಆಗಿ ಉಳಿಯುತ್ತವೆ, ತಂತ್ರಾಂಶ ಪ್ರತಿ ಸಲ ಶುರುವಾಗುವಾಗ ಅವನ್ನು ಓದಿ ಹೊಂದಿದರೆ ಮಾತ್ರ ದಾಖಲಿಸಲು ತೊಡಗುತ್ತದೆ. ಎರಡು ವರ್ಷದ ನಂತರ ಯಾರೋ ಪಿಎಲ್‌ಸಿ ಪ್ರೋಗ್ರಾಮಿನ ನಡುವೆ ಒಂದು ರಿಜಿಸ್ಟರ್ ತುರುಕಿ ಉಳಿದದ್ದನ್ನೆಲ್ಲ ಒಂದು ಮನೆ ಕೆಳಗೆ ತಳ್ಳಿದರೆ ಮೊದಲ ಮೂರು ಸರಿಯಾಗಿಯೇ ಇರುತ್ತವೆ ಎಂಬ ಕಾರಣಕ್ಕೆ, ಪ್ರದೇಶದ ಕೊನೆಯಲ್ಲೂ ಇನ್ನೊಂದು 12345 ಇಡುವುದನ್ನು ಆಮೇಲೆ ರೂಢಿಸಿಕೊಂಡೆ.

ಅಳತೆಯ ಪರಿವರ್ತನೆಯನ್ನು ಎಲ್ಲಿ ಮಾಡಬೇಕು ಎಂಬುದು ಹಳೆಯ ಚರ್ಚೆ. ಸೀಮೆನ್ಸ್ ಪಿಎಲ್‌ಸಿಗಳಲ್ಲಿ 4ರಿಂದ 20 ಮಿಲಿಆಂಪಿಯರ್ ಸಂಕೇತ 0ಯಿಂದ 27648ರವರೆಗಿನ ಕಚ್ಚಾ ಸಂಖ್ಯೆಯಾಗಿ ಬರುತ್ತದೆ. 0ಯಿಂದ 10 ಬಾರ್ ಒತ್ತಡವನ್ನು ಅಳೆದು ಈ ಸಂಕೇತವನ್ನು ಕಳಿಸುವ ಟ್ರಾನ್ಸ್‌ಮಿಟರ್ ಆಗಿದ್ದರೆ 13824 ಎಂದರೆ 5 ಬಾರ್. ಈ ಪರಿವರ್ತನೆ ಪಿಎಲ್‌ಸಿಯಲ್ಲಿ ಒಂದು ಕಡೆ ಮಾತ್ರ ನಡೆಯಬೇಕು ಎಂಬುದು ನನ್ನ ನಿಲುವು. ಪಿಸಿಯಲ್ಲೂ ಮಾಡಲು ಹೋದರೆ ಟ್ರಾನ್ಸ್‌ಮಿಟರ್ ಬದಲಾಯಿಸಿದ ದಿನ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದು ಖಂಡಿತ. ಅದಕ್ಕಿಂತ ಮುಖ್ಯವಾದದ್ದು ತಂತಿ ತುಂಡಾದಾಗಿನ ಸ್ಥಿತಿ. 4 ಮಿಲಿಆಂಪಿಯರ್‌ನಿಂದ ಶುರುವಾಗುವ ಸಂಕೇತದ ಉಪಕಾರವೇ ಅದು: ವಿದ್ಯುತ್ ಪ್ರವಾಹ 3.6 ಮಿಲಿಆಂಪಿಯರ್‌ಗಿಂತ ಕೆಳಗಿಳಿದರೆ ಅದು ಅಳತೆಯಲ್ಲ, ದೋಷ ಎಂದು ನಾಮೂರ್ ಸಂಸ್ಥೆಯ ಎನ್ಇ 43 ಶಿಫಾರಸು ಹೇಳುತ್ತದೆ. ಆದರೆ ಋಣಸಂಖ್ಯೆ ಕಾಣಬಾರದೆಂದು ಯಾರಾದರೂ ಅದನ್ನು ಸೊನ್ನೆಗೆ ಕತ್ತರಿಸಿಬಿಟ್ಟರೆ, ತಂತಿ ತುಂಡಾಗಿದೆ ಎಂಬ ಸುದ್ದಿ ಒತ್ತಡ 0 ಬಾರ್ ಎಂಬ ಸುಳ್ಳಾಗಿ ಕಡತಕ್ಕೆ ಇಳಿಯುತ್ತದೆ. ಬೆಲೆಯ ಪಕ್ಕದಲ್ಲಿ ಅದರ ಗುಣಸ್ಥಿತಿಯನ್ನು ಹೇಳುವ ಒಂದು ರಿಜಿಸ್ಟರ್ ಇಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿಯೇ.

ಒಂದು ವಿಚಿತ್ರವಾದ ತಪ್ಪನ್ನು ಹುಡುಕಲು ನನಗೆ ಮೂರು ದಿನ ಹಿಡಿದಿತ್ತು. ಉತ್ಪಾದನೆಯ ಎಣಿಕೆ ಸರಾಗವಾಗಿ ಏರುತ್ತಿದ್ದದ್ದು ಒಂದೇ ಒಂದು ಕ್ಷಣ 131071ಕ್ಕೆ ಹಾರಿ, ಮುಂದಿನ ಸೆಕೆಂಡಿಗೆ 65536ಕ್ಕೆ ಇಳಿದಿತ್ತು. ಎಣಿಕೆ 32 ಬಿಟ್‌ಗಳದ್ದು, ಎರಡು ರಿಜಿಸ್ಟರ್‌ಗಳಲ್ಲಿ ಇತ್ತು. 65535 ಆಗಿದ್ದಾಗ ಕೆಳಗಿನ ಅರ್ಧ 65535, ಮೇಲಿನದು 0. ಒಂದು ಹೆಚ್ಚಾದ ಕೂಡಲೇ ಕೆಳಗಿನದು 0, ಮೇಲಿನದು 1. ಕೆಳಗಿನ ಅರ್ಧವನ್ನು ಬದಲಾಗುವ ಮೊದಲು, ಮೇಲಿನ ಅರ್ಧವನ್ನು ಬದಲಾದ ನಂತರ ಓದಿದ್ದರಿಂದ 65536 ಮತ್ತು 65535 ಕೂಡಿ ಎಂದೂ ಇರದಿದ್ದ ಒಂದು ಎಣಿಕೆ ಹುಟ್ಟಿತ್ತು. ಅವೆರಡನ್ನೂ ಒಂದೇ ಪ್ರಶ್ನೆಯಲ್ಲಿ ಓದುವುದು ಮೊದಲ ಮದ್ದು. ಸ್ಕ್ಯಾನ್‌ನ ನಡುವೆಯೇ ಉತ್ತರ ಕೊಡುವ ಪಿಎಲ್‌ಸಿಗಳಲ್ಲಿ ಅದೊಂದೇ ಸಾಲದು. ಪಿಸಿಗೆ ಬೇಕಾದ ಬೆಲೆಗಳನ್ನೆಲ್ಲ ಒಂದು ಪ್ರತ್ಯೇಕ ಪ್ರದೇಶಕ್ಕೆ ಒಟ್ಟಿಗೆ ನಕಲು ಮಾಡಿ, ಮೊದಲ ಮತ್ತು ಕೊನೆಯ ರಿಜಿಸ್ಟರ್‌ಗಳಲ್ಲಿ ಒಂದೇ ಕ್ರಮಸಂಖ್ಯೆಯನ್ನು ಬರೆಯಬೇಕು. ಓದಿದಾಗ ಎರಡೂ ತುದಿಯ ಕ್ರಮಸಂಖ್ಯೆ ಒಂದೇ ಆಗಿದ್ದರೆ ನಡುವಿನದೆಲ್ಲ ಒಂದೇ ಸ್ಕ್ಯಾನ್‌ನದ್ದು, ಇಲ್ಲವಾದರೆ ಮತ್ತೊಮ್ಮೆ ಓದಬೇಕು.

ತಂತಿಯ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಇಂಥ ಸೀರಿಯಲ್ ಸಂಪರ್ಕಕ್ಕೆ ಬಳಸುವ ಆರ್‌ಎಸ್-485 ಸಾಲು 1200 ಮೀಟರ್‌ವರೆಗೆ ಹೋಗಬಲ್ಲದು, ಎರಡೂ ತುದಿಗಳಲ್ಲಿ ಮಾತ್ರ 120 ಓಮ್‌ನ ಟರ್ಮಿನೇಷನ್, ಎಂದರೆ ಸಂಕೇತ ತುದಿಯಿಂದ ಹಿಂದಿರುಗದಂತೆ ತಡೆಯುವ ರೋಧಕ, ಇರಬೇಕು. ಎಲ್ಲ ಸಾಧನಗಳ ವಿದ್ಯುತ್ ತೆಗೆದು ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. ಒಮ್ಮೆ ಅದು 40 ತೋರಿಸಿತು. ನಡುವಿನ ಪ್ಯಾನೆಲ್‌ನಲ್ಲಿದ್ದ ಡ್ರೈವ್‌ನ ಮುಚ್ಚಳ ತೆಗೆದಾಗ ಅದರ ಟರ್ಮಿನೇಷನ್ ಸ್ವಿಚ್ಚೂ ಆನ್ ಆಗಿಯೇ ಉಳಿದಿದ್ದುದು ಕಂಡಿತು. ಅದನ್ನು ಇಳಿಸಿದ ಮೇಲೆ ದಿನಕ್ಕೆ ಹತ್ತಾರು ಸಲ ಬರುತ್ತಿದ್ದ ಸಿಆರ್‌ಸಿ ದೋಷಗಳು ನಿಂತವು. ಎ ಮತ್ತು ಬಿ ಎಂಬ ಗುರುತುಗಳನ್ನು ತಯಾರಕರು ತಮಗೆ ತೋಚಿದಂತೆ ಬಳಸಿರುವುದರಿಂದ, ಏನೂ ಬರದಿದ್ದಾಗ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಲು ಹಿಂಜರಿಯಬೇಕಿಲ್ಲ.

ಇಷ್ಟೂ ಹೊತ್ತು ಹೇಳಿದ ಸಮಯ ಮತ್ತು ಗುಣಸ್ಥಿತಿಯನ್ನು ಅಂಕಿಯ ಜೊತೆಗೇ ಕಳಿಸಬೇಕು ಎಂಬ ವಿಚಾರವನ್ನು ಮಾನಕದ ಮಟ್ಟಕ್ಕೆ ತಂದದ್ದು ಪಿಎಲ್‌ಸಿಗಳಿಗೂ ಪಿಸಿಯ ತಂತ್ರಾಂಶಗಳಿಗೂ ನಡುವಿನ ಸಾಮಾನ್ಯ ಭಾಷೆಯಾದ ಓಪಿಸಿ. 1996ರಲ್ಲಿ ಬಂದ ಮೊದಲ ಓಪಿಸಿ ತಂತ್ರಾಂಶಗಳು ಒಂದರೊಡನೊಂದು ಮಾತಾಡಲು ಬಳಸುತ್ತಿದ್ದ ಮೈಕ್ರೋಸಾಫ್ಟ್‌ನ ಕಾಮ್ ಮತ್ತು ಡಿಕಾಮ್ ತಂತ್ರಜ್ಞಾನದ ಮೇಲೆ ನಿಂತಿತ್ತು. ಅದಕ್ಕೂ ಮೊದಲು ಪ್ರತಿ ತಂತ್ರಾಂಶದವರೂ ಪ್ರತಿ ಪಿಎಲ್‌ಸಿಗೂ ಬೇರೆ ಬೇರೆ ಡ್ರೈವರ್ ಬರೆಯಬೇಕಿತ್ತು. ಓಪಿಸಿ ಬಂದ ಮೇಲೆ ಪಿಎಲ್‌ಸಿಯ ಕಡೆಗೆ ಒಂದು ಸರ್ವರ್, ತಂತ್ರಾಂಶದ ಕಡೆಗೆ ಒಂದು ಕ್ಲೈಂಟ್ ಇದ್ದರೆ ಸಾಕಾಯಿತು. ಅದರಲ್ಲಿ ಪ್ರತಿ ಬೆಲೆಯ ಜೊತೆಗೂ ಸಮಯ ಮತ್ತು ಗುಣಸ್ಥಿತಿ ಇರುತ್ತಿದ್ದವು, 192 ಎಂದರೆ ಸರಿಯಾಗಿದೆ ಎಂದರ್ಥ. ಆದರೆ ಎರಡು ಪಿಸಿಗಳ ನಡುವೆ ಡಿಕಾಮ್ ಹೊಂದಿಸುವುದು ಎಷ್ಟು ಕಷ್ಟದ ಕೆಲಸವಾಗಿತ್ತು ಎಂಬುದು ಅನುಭವಿಸಿದವರಿಗೇ ಗೊತ್ತು. 2008ರಲ್ಲಿ ಬಿಡುಗಡೆಯಾದ ಓಪಿಸಿ ಯುಎ ಆ ಹಂಗನ್ನು ಕಳಚಿಕೊಂಡು, ಯಾವ ಆಪರೇಟಿಂಗ್ ಸಿಸ್ಟಮ್‌ನಲ್ಲಾದರೂ ನಡೆಯುವಂತಾಯಿತು. ಈಗ ಅದು ಐಇಸಿ 62541 ಎಂಬ ಅಂತರರಾಷ್ಟ್ರೀಯ ಮಾನಕ, ಹಲವು ಪಿಎಲ್‌ಸಿಗಳ ಒಳಗೇ ಅದರ ಸರ್ವರ್ ಇರುತ್ತದೆ.

ಓಪಿಸಿ ಯುಎಯಲ್ಲಿ ಪಿಸಿ ಪದೇ ಪದೇ ಕೇಳುವ ಬದಲು ಚಂದಾದಾರನಾಗುತ್ತದೆ, ಬೆಲೆ ಬದಲಾದಾಗ ಸರ್ವರ್ ತಾನೇ ಹೇಳುತ್ತದೆ. ಇಲ್ಲಿ ಎರಡು ಕಡೆ ಎಡವುವುದನ್ನು ನೋಡಿದ್ದೇನೆ. ಸರ್ವರ್ ಬೆಲೆಯನ್ನು 100 ಮಿಲಿಸೆಕೆಂಡಿಗೊಮ್ಮೆ ಗಮನಿಸಲಿ, ಸೆಕೆಂಡಿಗೊಮ್ಮೆ ಕಳಿಸಲಿ ಎಂದು ಕೇಳಿ, ಕಳಿಸುವವರೆಗೆ ಬೆಲೆಗಳನ್ನು ಇಟ್ಟುಕೊಳ್ಳುವ ಸರತಿಯ ಉದ್ದವನ್ನು 1 ಎಂದೇ ಬಿಟ್ಟರೆ, ಹತ್ತು ಸಲ ಗಮನಿಸಿದ್ದರಲ್ಲಿ ಕೊನೆಯದೊಂದು ಮಾತ್ರ ನಮಗೆ ತಲುಪುತ್ತದೆ, ಉಳಿದ ಒಂಬತ್ತು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಸರತಿಯನ್ನು ಕನಿಷ್ಠ 10 ಮಾಡಬೇಕು. ಇನ್ನೊಂದು, ಸುದ್ದಿ ಬರಲಿಲ್ಲ ಎಂದರೆ ಬೆಲೆ ಬದಲಾಗಲಿಲ್ಲವೋ ಸಂಪರ್ಕವೇ ಹೋಯಿತೋ ಎಂಬ ಅನುಮಾನ. ಬದಲಾವಣೆ ಇಲ್ಲದಿದ್ದರೂ ಸರ್ವರ್ ಆಗಾಗ ಕಳಿಸುವ ಕೀಪ್‌ಅಲೈವ್ ಸಂದೇಶ ಇದಕ್ಕೆ ಉತ್ತರ. ಅದು ಬರುವುದು ನಿಂತ ಕೂಡಲೇ ಎಲ್ಲ ಬೆಲೆಗಳನ್ನೂ ಅಮಾನ್ಯ ಎಂದು ತಂತ್ರಾಂಶ ಗುರುತಿಸಬೇಕು. ಜೊತೆಗೆ, ಓಪಿಸಿ ಸರ್ವರ್ ಒಂದು ಪಿಸಿಯಲ್ಲಿದ್ದು ಅದು ಮಾಡ್‌ಬಸ್ ಮೂಲಕ ಓದುತ್ತಿದ್ದರೆ, ಮೂಲದ ಸಮಯ ಎಂದು ಅದು ಕೊಡುವುದು ಆ ಪಿಸಿಯ ಗಡಿಯಾರವನ್ನೇ. ಸಾಧನವೇ ಹೇಳದ ಸಮಯವನ್ನು ನಡುವಿನವರು ಸೃಷ್ಟಿಸಲಾರರು.

ಹೀಗಾಗಿ ನಿಜವಾದ ಸಮಯ ಬೇಕೆಂದರೆ ಪಿಎಲ್‌ಸಿಯೊಳಗೇ ಬರೆಯಬೇಕು. ನಾನೀಗ ಬಳಸುವ ಪದ್ಧತಿ ಹೀಗಿದೆ. ಪಿಎಲ್‌ಸಿಯಲ್ಲಿ ವೃತ್ತಾಕಾರದ ಒಂದು ಬಫರ್, ಎಂದರೆ ತುಂಬಿದ ಮೇಲೆ ಮತ್ತೆ ಮೊದಲಿನಿಂದ ಬರೆಯುವ ತಾತ್ಕಾಲಿಕ ಸಂಗ್ರಹ, ಇರುತ್ತದೆ. ನಿಗದಿತ ಅಂತರದಲ್ಲಿ ಅದು ಕ್ರಮಸಂಖ್ಯೆ, ಸಮಯ, ಬೆಲೆಗಳು, ಗುಣಸ್ಥಿತಿ ಇವುಗಳನ್ನು ಒಂದು ದಾಖಲೆಯಾಗಿ ಬರೆಯುತ್ತಾ ಹೋಗುತ್ತದೆ. ಪಿಸಿ ತನಗೆ ಬಿಡುವಾದಾಗ ಬಂದು ಹಲವು ದಾಖಲೆಗಳನ್ನು ಒಟ್ಟಿಗೆ ತೆಗೆದುಕೊಂಡು, ಡಿಸ್ಕ್‌ಗೆ ಬರೆದು ಮುಗಿಸಿದ ಮೇಲೆ, ಇಲ್ಲಿಯವರೆಗೆ ತಲುಪಿತು ಎಂದು ಕೊನೆಯ ಕ್ರಮಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಒಂದು ದಾಖಲೆಗೆ 8 ರಿಜಿಸ್ಟರ್ ಆದರೆ ಒಂದು ಪ್ರಶ್ನೆಗೆ 15 ದಾಖಲೆಗಳು ಸಿಗುತ್ತವೆ. 10 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 100 ದಾಖಲೆಗಳಿದ್ದರೆ ಏಳು ಪ್ರಶ್ನೆಗಳು ಸಾಕು, ಈಥರ್ನೆಟ್‌ಗೆ ಅದು ಏನೇನೂ ಅಲ್ಲ. 9600 ಬಾಡ್‌ನ ತಂತಿಯಲ್ಲಾದರೆ ಅಂಥ ಒಂದು ಉತ್ತರಕ್ಕೇ 0.28 ಸೆಕೆಂಡು ಬೇಕಾದ್ದರಿಂದ ಅದು ಸಾಧ್ಯವಿಲ್ಲದ ಮಾತು. ಒಪ್ಪಿಕೊಳ್ಳುವ ಮೊದಲು ಈ ಗುಣಾಕಾರವನ್ನು ಕಾಗದದ ಮೇಲೆ ಮಾಡಿನೋಡಬೇಕು. ಪಿಎಲ್‌ಸಿಯ ಗಡಿಯಾರವೂ ನಿಧಾನವಾಗಿ ದಾರಿ ತಪ್ಪುವುದರಿಂದ ಅದನ್ನೂ ಪಿಸಿಯನ್ನೂ ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಹೇಳುವ ಒಂದೇ ಎನ್‌ಟಿಪಿ ಸರ್ವರ್‌ಗೆ ಕಟ್ಟಿ, ಕಡತದಲ್ಲಿ ಯುಟಿಸಿ ಎಂಬ ಜಾಗತಿಕ ಸಮಯವನ್ನೇ ಬರೆಯುತ್ತೇನೆ.

ಪಿಎಲ್‌ಸಿಯ ಪ್ರೋಗ್ರಾಮ್ ನಡೆಯುತ್ತಿದೆ ಎಂದು ತೋರಿಸುವ ಮಿಡಿತದ ಕೌಂಟರ್ ಬಗ್ಗೆ ಒಂದು ಮಾತು ಸೇರಿಸಬೇಕು. ಪಿಎಲ್‌ಸಿ ಸ್ಟಾಪ್ ಸ್ಥಿತಿಗೆ ಹೋದಾಗಲೂ ಅದರ ಸಂವಹನ ಭಾಗ ಸಾಮಾನ್ಯವಾಗಿ ಎಚ್ಚರವಾಗಿಯೇ ಇರುತ್ತದೆ, ಕೇಳಿದ್ದಕ್ಕೆಲ್ಲ ಸಿಆರ್‌ಸಿ ಸಮೇತ ಅಚ್ಚುಕಟ್ಟಾದ ಉತ್ತರ ಕೊಡುತ್ತದೆ. ಪ್ರೋಗ್ರಾಮ್ ನಡೆಯುತ್ತಿಲ್ಲವಾದ್ದರಿಂದ ಆ ಬೆಲೆಗಳು ನಿಂತ ಕ್ಷಣದವು. ಸಂಪರ್ಕ ಇದೆಯೇ ಎಂದಷ್ಟೇ ನೋಡುವ ತಂತ್ರಾಂಶಕ್ಕೆ ಇದು ತಿಳಿಯುವುದೇ ಇಲ್ಲ. ಪ್ರೋಗ್ರಾಮಿನ ಒಳಗೇ ಸೆಕೆಂಡಿಗೊಮ್ಮೆ ಒಂದು ಹೆಚ್ಚುವ ರಿಜಿಸ್ಟರ್ ಇಟ್ಟು, ಮೂರು ಸೆಕೆಂಡು ಅದು ಬದಲಾಗದಿದ್ದರೆ ಎಲ್ಲವನ್ನೂ ಅಮಾನ್ಯ ಮಾಡಿದರೆ, ತಂತಿ ಕಡಿದದ್ದೂ ಪಿಎಲ್‌ಸಿ ನಿಂತದ್ದೂ ಒಂದೇ ಉಪಾಯದಲ್ಲಿ ಸಿಕ್ಕಿಬೀಳುತ್ತವೆ. ಅಮಾನ್ಯವಾದ ಹೊತ್ತಿನಲ್ಲಿ ಕಡತದಲ್ಲಿ ಖಾಲಿ ಬಿಡಬೇಕು. ಸೊನ್ನೆಯನ್ನೂ ಬರೆಯಬಾರದು, ಹಳೆಯ ಅಂಕಿಯನ್ನೂ ಬರೆಯಬಾರದು.

ಬರೆಯುವ ದಿಕ್ಕಿನ ವಿಷಯದಲ್ಲಿ ನಾನು ಬಹಳ ಬಿಗಿ. ಈಥರ್ನೆಟ್ ಮೇಲೆ ನಡೆಯುವ ಮಾಡ್‌ಬಸ್ ಟಿಸಿಪಿಯಲ್ಲಿ ಗುರುತಿನ ತಪಾಸಣೆ ಎಂಬುದೇ ಇಲ್ಲ. 502ನೆಯ ಪೋರ್ಟ್‌ವರೆಗೆ ಕೈ ತಲುಪಿದ ಯಾರು ಬೇಕಾದರೂ ಯಾವ ಬೆಲೆಯನ್ನು ಬೇಕಾದರೂ ಬದಲಿಸಬಹುದು. ಸುರಕ್ಷಿತ ಮಾಡ್‌ಬಸ್‌ನ ವಿವರಣೆ 2018ರಲ್ಲಿ ಬಂದಿದ್ದರೂ ಕೈಗೆ ಸಿಗುವ ಹಳೆಯ ಸಾಧನಗಳಲ್ಲಿ ಅದು ಇಲ್ಲ. ಹಾಗಾಗಿ ದಾಖಲಿಸುವ ಪಿಸಿಗೆ ಓದುವ ಹಕ್ಕು ಮಾತ್ರ ಇರಬೇಕು, ತಲುಪಿತು ಎಂದು ಹೇಳುವ ಆ ಒಂದು ರಿಜಿಸ್ಟರ್‌ನ ಹೊರತು ಬೇರೆಲ್ಲಿಯೂ ಅದು ಬರೆಯಕೂಡದು, ಪಿಎಲ್‌ಸಿಗಳ ನೆಟ್‌ವರ್ಕ್ ಕಚೇರಿಯ ನೆಟ್‌ವರ್ಕ್‌ನಿಂದ ಬೇರೆಯಾಗಿಯೇ ಇರಬೇಕು.

ಮೊದಲಿಗೆ ಹೇಳಿದ ಒಣಗಿಸುವ ಕೋಣೆಗೆ ಈ ಪದ್ಧತಿಯನ್ನೆಲ್ಲ ಅಳವಡಿಸಿದ ಮೇಲೆ, ಒಪ್ಪಿಸುವ ದಿನ ಮೂರು ಪರೀಕ್ಷೆಗಳನ್ನು ಎಲ್ಲರ ಮುಂದೆ ಮಾಡಿದೆ. ಕನ್ವರ್ಟರ್‌ನ ವಿದ್ಯುತ್ ತೆಗೆದಾಗ ಮೂರು ಸೆಕೆಂಡಿನಲ್ಲಿ ಗೆರೆ ತುಂಡಾಯಿತು, ಅಂಕಿ ಇದ್ದ ಜಾಗ ಬೂದು ಬಣ್ಣಕ್ಕೆ ತಿರುಗಿತು. ಪಿಎಲ್‌ಸಿಯ ಕೀಲಿಯನ್ನು ಸ್ಟಾಪ್‌ಗೆ ತಿರುಗಿಸಿದಾಗ, ಸಂಪರ್ಕದ ಹಸಿರು ದೀಪ ಉರಿಯುತ್ತಿದ್ದಂತೆಯೇ, ಗೆರೆ ಮತ್ತೆ ತುಂಡಾಯಿತು. ಮೂರನೆಯದಕ್ಕೆ ತಂತಿಯನ್ನು ಕಿತ್ತು ಇಪ್ಪತ್ತು ನಿಮಿಷ ಹಾಗೇ ಬಿಟ್ಟೆ. ಆ ಬಫರ್‌ನಲ್ಲಿ ಹತ್ತು ಸೆಕೆಂಡಿಗೊಂದರಂತೆ 2880 ದಾಖಲೆಗಳಿಗೆ, ಎಂದರೆ ಎಂಟು ಗಂಟೆಗಳಿಗೆ ಜಾಗವಿತ್ತು. ತಂತಿಯನ್ನು ಮತ್ತೆ ಸಿಕ್ಕಿಸಿದಾಗ ಗ್ರಾಫಿನ ಖಾಲಿ ಜಾಗದಲ್ಲಿ 120 ಬಿಂದುಗಳು ಎಡದಿಂದ ಬಲಕ್ಕೆ ಒಂದೊಂದಾಗಿ ಬಂದು ಕುಳಿತವು, ಪ್ರತಿಯೊಂದೂ ತಾನು ಅಳೆದ ಸಮಯದ ಮೇಲೆಯೇ. ಕೊನೆಯ ಅಂಕಿಗಳು ನಡುಗುತ್ತಿದ್ದವು.